ಹಳೇಪೇಟೆಯ ಬಡಗಿ ಅಣ್ಣನಿಗೆ

ಮರದ ಹಾಯಿಹಡಗಿನ ಪುಟ್ಟ ಮಾದರಿ ಕಟ್ಟುವ ಕಿಟ್‌ನಲ್ಲಿ ಕೈಕೊಡುವ ಜಾಗ ಮೂತಿ, ಅಂದರೆ ಹಡಗಿನ ಮುಂತುದಿ. 1.5 ಮಿ.ಮೀ. ದಪ್ಪ, 5 ಮಿ.ಮೀ. ಅಗಲದ, ಹಡಗಿನ ಮೈ ಮುಚ್ಚುವ ಮರದ ಪಟ್ಟಿಗಳು ಅಲ್ಲಿ ಒಮ್ಮೆಲೇ ಒಳಕ್ಕೆ ತಿರುಗಬೇಕು. ಈ ಕಿಟ್‌ನವು ಬಿಸಿನೀರಲ್ಲಿ 20 ನಿಮಿಷ ನೆನೆದರೂ ಪಟಪಟ ಮುರಿದವು. ಬದಲಿ ತರಿಸೋಣವೆಂದರೆ ತಿಂಗಳ ಮಾತು.

ದಾವಣಗೆರೆ ಹಳೇಪೇಟೆಯ ಮರಗೆಲಸದ ಅಣ್ಣ (ಹೆಸರು ಕೇಳಿದರೆ ನಕ್ಕು ಸುಮ್ಮನಾದರು) ಮುರಿದ ತುಂಡನ್ನು ಬೆಳಕಿಗೆ ಹಿಡಿದು, "ಎಳೆ ಓರೆ ಐತಿ ಸರ, ಇದು ಬಗ್ಗಂಗಿಲ್ಲ" ಅಂದರು. ಬಾಗಿಲ ಚೌಕಟ್ಟಿನ ಕೆಲಸ ಅರ್ಧಕ್ಕೆ ಬಿಟ್ಟು, ಉಳಿಕೆ ತುಂಡುಗಳ ರಾಶಿಯಲ್ಲಿ ನೇರ ಎಳೆಯ ಸಾಗುವಾನಿ ಹುಡುಕಿ ಸೀಳಿದರು. ಒಂದೊಂದು ಪಟ್ಟಿಯನ್ನೂ ಬೆರಳಲ್ಲಿ ಬಗ್ಗಿಸಿ ನೋಡಿ, ಅನುಮಾನ ಬಂದದ್ದನ್ನು ಪಕ್ಕಕ್ಕೆ ಎಸೆದರು. ಸಾಗುವಾನಿಯಲ್ಲಿ ಎಣ್ಣೆ ಇರುತ್ತೆ, ಸ್ಪಿರಿಟ್‌ನಲ್ಲಿ ಒರೆಸದೆ ಅಂಟು ಹಚ್ಚಿದರೆ ಕಿತ್ತು ಬರುತ್ತೆ. ಇದನ್ನಂತೂ ಎರಡೆರಡು ಸಲ ಹೇಳಿದರು. ಮೂತಿಯ ತುದಿಯಲ್ಲಿ ಪಟ್ಟಿಯ ಅಗಲ ಅರ್ಧಕ್ಕಿಂತ ಕಡಿಮೆ ಬೇಡ, ಮೊಳೆ ಹೊಡೆದರೆ ಸೀಳುತ್ತೆ ಅಂತಲೂ.

ದುಡ್ಡು ಕೊಡಹೋದರೆ ಚಹಾಕ್ಕಷ್ಟೇ ತಗೊಂಡರು. ಪಟ್ಟಿಗಳು ನೆನೆದು, ಬಿಸಿ ಪೈಪಿನ ಮೇಲೆ ಬಗ್ಗಿ, ಹಡಗಿನ ಚೌಕಟ್ಟಿಗೆ ಕ್ಲಿಪ್ ಹಾಕಿಸಿಕೊಂಡು ರಾತ್ರಿಯೆಲ್ಲ ಒಣಗಿದವು. ಒಂದೂ ಮುರಿದಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣಾ.