ಶಿಕ್ಷಕರ ದಿನಕ್ಕೆ ಈ ವರ್ಷ ಲಿಂಡನ್ ಜಾನ್ಸನ್ ಯಾಕೆ? ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಸೆಪ್ಟೆಂಬರ್ 5ಕ್ಕೆ ನಮ್ಮ ಶಾಲೆಯಲ್ಲಿ ಶಿಕ್ಷಕರ ದಿನಾಚರಣೆ ಇದೆ. ಡಾ. ರಾಧಾಕೃಷ್ಣನ್ ಅವರ ಬಗ್ಗೆ ಎಂದಿನಂತೆ ಭಾಷಣ ಇರುತ್ತದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟ್ರು ಮುಂದೆ ರಾಷ್ಟ್ರಪತಿಯಾದ ಕಥೆ ನಮ್ಮ ಮಕ್ಕಳಿಗೆ ಬಾಯಿಪಾಠವಾಗಿದೆ. ಈ ಸಲ ಅದರ ಜೊತೆಗೆ ಏಳನೇ ತರಗತಿಯವರು ಇನ್ನೊಬ್ಬ ಮೇಷ್ಟ್ರ ಬಗ್ಗೆ ಪ್ರದರ್ಶನ ತಯಾರು ಮಾಡುತ್ತಿದ್ದಾರೆ. ಅವರ ಹೆಸರು ಲಿಂಡನ್ ಜಾನ್ಸನ್. ರಾಧಾಕೃಷ್ಣನ್ ಇಲ್ಲಿ ರಾಷ್ಟ್ರಪತಿಯಾಗಿದ್ದಾಗಲೇ ಅಲ್ಲಿ ಅಮೆರಿಕದ ಅಧ್ಯಕ್ಷರಾದವರು.

ಲಿಂಕನ್, ಕೆನಡಿ ಎಲ್ಲ ಬಿಟ್ಟು ಇವರೇ ಯಾಕೆ ಎಂದು ಕೆಲವರು ಕೇಳಿದ್ದೀರಿ. "ವಿಯೆಟ್ನಾಂ ಯುದ್ಧ ಮಾಡಿಸಿದ ಮನುಷ್ಯ ಅಲ್ವಾ ಮೇಡಂ?" ಎಂದು ಒಬ್ಬ ತಂದೆ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದರು. ಹೌದು, ಅದೇ ಮನುಷ್ಯ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಜಾನ್ಸನ್ ಹುಟ್ಟಿದ್ದು 1908ರ ಆಗಸ್ಟ್ 27ರಂದು, ಟೆಕ್ಸಸ್ ರಾಜ್ಯದ ಸ್ಟೋನ್‌ವಾಲ್ ಎಂಬ ಹಳ್ಳಿಯ ಹತ್ತಿರದ ತೋಟದ ಮನೆಯಲ್ಲಿ. ಅಪ್ಪ ರಾಜ್ಯದ ಶಾಸಕ. ಆದರೂ ಮನೆಯಲ್ಲಿ ದುಡ್ಡಿರಲಿಲ್ಲ. ಹತ್ತಿಯ ಬೆಲೆ ಬಿದ್ದಾಗ ಸಾಲ ಮೈಮೇಲೆ ಬಂತು, ಜಮೀನು ಕೈಬಿಟ್ಟಿತು. ಮನೆಯ ಪಕ್ಕದಲ್ಲೇ ಜಂಕ್ಷನ್ ಸ್ಕೂಲ್ ಅಂತ ಒಂದೇ ಕೊಠಡಿಯ ಶಾಲೆ ಇತ್ತು. ಹುಡುಗ ನಾಲ್ಕನೇ ವರ್ಷಕ್ಕೇ ಅಲ್ಲಿಗೆ ಹೋಗತೊಡಗಿದ. ಟೀಚರ್ ಹೆಸರು ಕೇಟ್ ಡೆಡ್ರಿಕ್. ಅವರು ತೊಡೆ ಮೇಲೆ ಕೂರಿಸಿಕೊಂಡರೆ ಮಾತ್ರ ಅವನು ಪಾಠ ಒಪ್ಪಿಸುತ್ತಿದ್ದ. ಕೆಳಗಿಳಿಸಿದರೆ ಬಾಯಿ ಬಂದ್. ಈ ಟೀಚರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾರೆ.

ಹೈಸ್ಕೂಲು 1924ರಲ್ಲಿ ಮುಗಿಯಿತು. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಚಿಲ್ಲರೆ ಕೆಲಸ ಮಾಡಿದರು. ಊರಿಗೆ ವಾಪಸ್ ಬಂದು ರಸ್ತೆ ಕೆಲಸಕ್ಕೂ ಹೋದರು. ಕೈ ಬೊಬ್ಬೆ ಬಂದ ಮೇಲೆ 1927ರಲ್ಲಿ ಸ್ಯಾನ್ ಮಾರ್ಕಸ್‌ನ ಶಿಕ್ಷಕರ ಕಾಲೇಜಿಗೆ ಸೇರಿದರು. ಸೇರುವುದಕ್ಕೆ ಸಾಲ ಮಾಡಬೇಕಾಯಿತು. ಅಲ್ಲೇ ಕಸ ಗುಡಿಸುವ ಕೆಲಸ ಮಾಡಿಕೊಂಡು ಓದಿದರು. ಅದೂ ಸಾಲದೆ ಹೋದಾಗ ಓದು ನಿಲ್ಲಿಸಿ ಮೇಷ್ಟ್ರ ಕೆಲಸ ಹಿಡಿದರು.

ಕೆಲಸ ಸಿಕ್ಕಿದ್ದು ಕೊಟೂಲಾ ಎಂಬ ಸಣ್ಣ ಊರಿನಲ್ಲಿ. ಸ್ಯಾನ್ ಆಂಟೋನಿಯೊದಿಂದ ಮೆಕ್ಸಿಕೊ ಗಡಿ ಕಡೆಗೆ ಹೋಗುವ ದಾರಿಯಲ್ಲಿದೆ. ರೈಲು ಹಳಿಯ ಒಂದು ಕಡೆ ಬಿಳಿಯರ ಮನೆ, ಇನ್ನೊಂದು ಕಡೆ ಮೆಕ್ಸಿಕೊ ಮೂಲದ ಕೂಲಿಕಾರರ ಮನೆ. ಶಾಲೆಗಳೂ ಬೇರೆ ಬೇರೆ. ಜಾನ್ಸನ್ ಹೋಗಿದ್ದು ಕೂಲಿಕಾರರ ಮಕ್ಕಳ ವೆಲ್‌ಹೌಸನ್ ಶಾಲೆಗೆ. 1928ರ ಸೆಪ್ಟೆಂಬರ್ ಅದು, ಅವರಿಗೆ ಬರೀ ಇಪ್ಪತ್ತು ವರ್ಷ. ಆದರೂ ಮೇಲಿನ ತರಗತಿಗಳಿಗೆ ಪಾಠವೂ ಅವರದೇ, ಮುಖ್ಯ ಶಿಕ್ಷಕರ ಜವಾಬ್ದಾರಿಯೂ ಅವರದೇ.

ಮಕ್ಕಳು ಬೆಳಗ್ಗೆ ಏನೂ ತಿನ್ನದೆ ಶಾಲೆಗೆ ಬರುತ್ತಿದ್ದರು. ಆಡುವುದಕ್ಕೆ ಒಂದು ಚೆಂಡೂ ಇರಲಿಲ್ಲ. ಜಾನ್ಸನ್ ಮೊದಲ ಸಂಬಳದಲ್ಲೇ ಆಟದ ಸಾಮಾನು ಕೊಂಡುತಂದರು. ಬಿಡುವಿನ ಹೊತ್ತಿನಲ್ಲಿ ಉಳಿದ ಶಿಕ್ಷಕರೂ ಅಂಗಳಕ್ಕೆ ಇಳಿದು ಆಡಿಸಬೇಕು ಎಂದರು. ಇನ್ನೂರು ಟೂತ್‌ಪೇಸ್ಟ್ ಕಳಿಸು ಎಂದು ಅಮ್ಮನಿಗೆ ಕಾಗದ ಬರೆದರು. ಬೇರೆ ಊರಿನ ಶಾಲೆಗಳ ಜೊತೆ ಪಂದ್ಯ, ಚರ್ಚಾಸ್ಪರ್ಧೆ ಏರ್ಪಡಿಸಿದರು. ಶಾಲೆಯ ಜವಾನನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವರಿಗೆ ಪುಸ್ತಕ ಕೊಟ್ಟು, ಶಾಲೆಯ ಮುಂದೆ ಕೂತು ತಾವೇ ಕಲಿಸಿದರು. ಇಷ್ಟೆಲ್ಲ ಒಂದೇ ಶಾಲಾ ವರ್ಷದಲ್ಲಿ ನಡೆದದ್ದು. ಹೊಸದಾಗಿ ಕೆಲಸಕ್ಕೆ ಬಂದ ಶಿಕ್ಷಕರಿಗೆ ನಾನು ಈ ಭಾಗವನ್ನು ಓದಿ ಹೇಳುತ್ತಿರುತ್ತೇನೆ.

ಆದರೆ ಅದೇ ಶಾಲೆಯಲ್ಲಿ ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಶಾಲೆಯ ಅಂಗಳದಲ್ಲಿ ಮಕ್ಕಳು ತಮ್ಮ ಮನೆಮಾತು ಸ್ಪ್ಯಾನಿಷ್ ಮಾತಾಡಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಮಾತಾಡಿದ ಹುಡುಗರಿಗೆ ಏಟು, ಹುಡುಗಿಯರಿಗೆ ಬೈಗುಳ. ಇಂಗ್ಲಿಷ್ ಬಂದರೆ ಬದುಕಿಕೊಳ್ಳುತ್ತಾರೆ ಎನ್ನುವುದು ಅವರ ಲೆಕ್ಕ. ಉದ್ದೇಶ ಒಳ್ಳೆಯದೇ ಇರಬಹುದು. ಹಸಿದು ಬಂದ ಮಗು ಆಟದ ಅಂಗಳದಲ್ಲಿ ಅಮ್ಮನ ಮಾತಾಡಿದ್ದಕ್ಕೆ ಏಟು ತಿನ್ನುವುದು ಮಾತ್ರ ಅನ್ಯಾಯ. ನಾನು ಅದನ್ನು ಒಪ್ಪುವುದಿಲ್ಲ.

ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ನಮ್ಮಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾದ ಮೇಲೆ ಕೆಲವು ಪೋಷಕರು ನನ್ನ ಹತ್ತಿರ ಬಂದು, "ಕನ್ನಡ ಮಾತಾಡಿದರೆ ದಂಡ ಹಾಕಿ ಮೇಡಂ, ಆಗ ಕಲಿಯುತ್ತಾರೆ" ಎಂದಿದ್ದೀರಿ. ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಇಂಗ್ಲಿಷ್ ಚೆನ್ನಾಗಿಯೇ ಕಲಿಸೋಣ, ಅದಕ್ಕೆ ದಿನಾ ಹೆಚ್ಚಿನ ಅಭ್ಯಾಸವೂ ಇಟ್ಟಿದ್ದೇವೆ. ಆದರೆ ಕನ್ನಡಕ್ಕಾಗಲಿ, ಉರ್ದುವಿಗಾಗಲಿ, ಲಂಬಾಣಿಗಾಗಲಿ ಈ ಶಾಲೆಯಲ್ಲಿ ದಂಡ ಹಾಕುವುದಿಲ್ಲ. ಜಾನ್ಸನ್ ಅವರೇ ಅಧ್ಯಕ್ಷರಾಗಿ 1968ರ ಜನವರಿಯಲ್ಲಿ ಒಂದು ಕಾನೂನಿಗೆ ಸಹಿ ಹಾಕಿದರು. ಇಂಗ್ಲಿಷ್ ಬಾರದ ಮಕ್ಕಳಿಗೆ ಮನೆಮಾತನ್ನೂ ಬಳಸಿ ಪಾಠ ಮಾಡುವ ಶಾಲೆಗಳಿಗೆ ಕೇಂದ್ರ ಸರ್ಕಾರದ ಹಣ ಕೊಡುವ ಕಾನೂನು ಅದು. ಅದನ್ನು ಮುಂದೆ ನಿಂತು ತಂದವರು ಟೆಕ್ಸಸ್‌ನ ಸೆನೆಟರ್ ರಾಲ್ಫ್ ಯಾರ್ಬರೊ. ಸಹಿ ಮಾತ್ರ ಕೊಟೂಲಾದಲ್ಲಿ ಸ್ಪ್ಯಾನಿಷ್ ನಿಲ್ಲಿಸಿದ ಮೇಷ್ಟ್ರದೇ.

ಮುಂದಿನ ಕಥೆಯನ್ನು ಬೇಗ ಹೇಳುತ್ತೇನೆ. 1930ರಲ್ಲಿ ಪದವಿ ಮುಗಿಸಿ ಹ್ಯೂಸ್ಟನ್‌ನ ಒಂದು ಹೈಸ್ಕೂಲಿನಲ್ಲಿ ಭಾಷಣ ಕಲೆ ಕಲಿಸಿದರು. 1931ರಲ್ಲಿ ಒಬ್ಬ ಸಂಸದರ ಕಾರ್ಯದರ್ಶಿಯಾಗಿ ವಾಷಿಂಗ್ಟನ್‌ಗೆ ಹೋದರು. 1937ರಲ್ಲಿ ತಾವೇ ಸಂಸದರಾದರು. ತಮ್ಮ ಕಡೆಯ ಹಳ್ಳಿಗಳಿಗೆ ಕರೆಂಟು ತರಿಸಿದರು. 1948ರಲ್ಲಿ ಸೆನೆಟ್ ಚುನಾವಣೆಗೆ ಪಕ್ಷದೊಳಗೆ ನಡೆದ ಮತದಾನದಲ್ಲಿ ಬರೀ 87 ಮತದಿಂದ ಗೆದ್ದರು. ಒಂದು ಪೆಟ್ಟಿಗೆಗೆ ತಡವಾಗಿ ಸೇರಿದ ಸುಮಾರು 200 ಮತಗಳ ಬಗ್ಗೆ ಆಗಲೂ ದೂರಿತ್ತು, ಆ ಕಳಂಕ ಇವತ್ತಿಗೂ ಹೋಗಿಲ್ಲ. ಕಪ್ಪು ಜನರ ಹಕ್ಕಿನ ಮಸೂದೆ ಬಂದಾಗಲೆಲ್ಲ ಇಪ್ಪತ್ತು ವರ್ಷ ವಿರುದ್ಧವೇ ಮತ ಹಾಕಿದರು. ಟೆಕ್ಸಸ್‌ನ ಬಿಳಿ ಮತದಾರರು ಕೈಬಿಡುತ್ತಾರೆ ಎನ್ನುವ ಭಯ. ಇದನ್ನೂ ಮಕ್ಕಳು ಚಾರ್ಟಿನಲ್ಲಿ ಬರೆದಿದ್ದಾರೆ. ಅಳಿಸಿ ಎಂದು ನಾನು ಹೇಳಿಲ್ಲ.

1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಕೆನಡಿ ಅವರ ಕೊಲೆಯಾಯಿತು. ಉಪಾಧ್ಯಕ್ಷರಾಗಿದ್ದ ಜಾನ್ಸನ್ ಅದೇ ದಿನ ವಿಮಾನದೊಳಗೇ ಪ್ರಮಾಣವಚನ ತೆಗೆದುಕೊಂಡರು. ಆಮೇಲಿನ ಎರಡು ವರ್ಷದಲ್ಲಿ ಆದ ಕೆಲಸ ನೋಡಿದರೆ ಇವರೇ ಆ ಹಳೇ ಜಾನ್ಸನ್ ಅಂತ ನಂಬುವುದು ಕಷ್ಟ. 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾನೂನು ಬಂತು. ಹೋಟೆಲು, ಚಿತ್ರಮಂದಿರ, ಕೆಲಸದ ಜಾಗ, ಎಲ್ಲೂ ಬಣ್ಣ ನೋಡಿ ಬಾಗಿಲು ಹಾಕುವಂತಿಲ್ಲ. 1965ರ ಆಗಸ್ಟ್ 6ರಂದು ಮತದಾನದ ಹಕ್ಕಿನ ಕಾನೂನು. ಅದೇ ಬೇಸಿಗೆಯಲ್ಲಿ ವಯಸ್ಸಾದವರ ಆಸ್ಪತ್ರೆ ಖರ್ಚಿಗೆ ಮೆಡಿಕೇರ್. ಬಡ ಮಕ್ಕಳಿಗೆ ಶಾಲೆಗೆ ಸೇರುವ ಮೊದಲೇ ಊಟ, ವೈದ್ಯರ ತಪಾಸಣೆ, ಅಕ್ಷರ ಪರಿಚಯ ಕೊಡುವ ಹೆಡ್ ಸ್ಟಾರ್ಟ್ ಕೂಡ ಆಗಲೇ ಶುರುವಾಯಿತು. ನಮ್ಮ ಅಂಗನವಾಡಿಯ ಹಾಗೆ ಅಂದುಕೊಳ್ಳಿ. ಮೊದಲ ಬೇಸಿಗೆಯಲ್ಲೇ 5 ಲಕ್ಷಕ್ಕೂ ಜಾಸ್ತಿ ಮಕ್ಕಳು ಬಂದರು.

1965ರ ಮಾರ್ಚ್ 15ರಂದು ಸಂಸತ್ತಿನ ಎರಡೂ ಸದನಗಳ ಮುಂದೆ ಮತದಾನದ ಹಕ್ಕಿನ ಬಗ್ಗೆ ಮಾತಾಡುತ್ತಾ ಜಾನ್ಸನ್ ಕೊಟೂಲಾದ ಮಕ್ಕಳನ್ನು ನೆನೆದರು. ಅವರು ತಿಂಡಿಯಿಲ್ಲದೆ ತರಗತಿಗೆ ಬರುತ್ತಿದ್ದರು, ಜನ ತಮ್ಮನ್ನು ಯಾಕೆ ದ್ವೇಷಿಸುತ್ತಾರೆ ಅಂತ ಅವರಿಗೆ ಗೊತ್ತಿರಲಿಲ್ಲ, ಆದರೆ ದ್ವೇಷಿಸುತ್ತಾರೆ ಅನ್ನುವುದು ಗೊತ್ತಿತ್ತು, ಅದನ್ನು ಅವರ ಕಣ್ಣಲ್ಲೇ ನೋಡಿದ್ದೆ ಎಂದರು. ಆ ಮಕ್ಕಳಿಗೆ ಸಹಾಯ ಮಾಡುವ ಅವಕಾಶ ಸಿಗುತ್ತದೆಂದು ಆಗ ಅಂದುಕೊಂಡಿರಲಿಲ್ಲ, ಈಗ ಸಿಕ್ಕಿದೆ, ಬಿಡುವುದಿಲ್ಲ ಎಂದರು. ಮೂವತ್ತಾರು ವರ್ಷ ಕಳೆದಿತ್ತು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತ ಮಗುವಿನ ಮುಖ ಶಿಕ್ಷಕರ ಜೊತೆ ಅಷ್ಟು ಕಾಲ ಹೋಗುತ್ತದೆ. ಪಾಠ ಮಾಡಿದವರಿಗೆಲ್ಲ ಇದು ಗೊತ್ತು.

ಒಂದು ತಿಂಗಳೊಳಗೆ ಶಿಕ್ಷಣದ ಕಾನೂನು ಬಂತು. ಯಾವ ಊರಲ್ಲಿ ಬಡ ಮಕ್ಕಳು ಜಾಸ್ತಿಯೋ ಆ ಊರಿನ ಶಾಲೆಗಳಿಗೆ ಜಾಸ್ತಿ ಹಣ. ಮೊದಲ ವರ್ಷಕ್ಕೇ ನೂರು ಕೋಟಿ ಡಾಲರಿಗೂ ಹೆಚ್ಚು. ಬಣ್ಣ ನೋಡಿ ಮಕ್ಕಳನ್ನು ಬೇರೆ ಕೂರಿಸುವ ಶಾಲೆಗೆ ಕೇಂದ್ರದ ಹಣ ಇಲ್ಲ ಎಂದು ಹಿಂದಿನ ವರ್ಷದ ಕಾನೂನೇ ಹೇಳಿತ್ತು. ಮಕ್ಕಳನ್ನು ಬೇರೆ ಕೂರಿಸುವುದು ತಪ್ಪು ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ತೀರ್ಪು ಕೊಟ್ಟಿದ್ದರೂ ದಕ್ಷಿಣದ ರಾಜ್ಯಗಳು ಹತ್ತು ವರ್ಷ ಕುಂಟುನೆಪ ಹೇಳಿಕೊಂಡು ಬಂದಿದ್ದವು. ಈಗ ದುಡ್ಡು ತಪ್ಪುತ್ತದೆ ಅಂದಾಗ ಬಾಗಿಲು ತೆರೆಯತೊಡಗಿದವು. ಇದನ್ನು ಏಳನೇ ತರಗತಿಯ ಹುಡುಗಿಯರು ಒಂದು ಪುಟ್ಟ ನಾಟಕ ಮಾಡಿದ್ದಾರೆ, ನೋಡಬೇಕು ನೀವು.

ಆ ಕಾನೂನಿಗೆ ಸಹಿ ಆಗಿದ್ದು 1965ರ ಏಪ್ರಿಲ್ 11ರಂದು. ವಾಷಿಂಗ್ಟನ್‌ನಲ್ಲಿ ಅಲ್ಲ. ಸ್ಟೋನ್‌ವಾಲ್ ಹತ್ತಿರದ ಅದೇ ಒಂದು ಕೊಠಡಿಯ ಶಾಲೆಯ ಅಂಗಳದಲ್ಲಿ ಮೇಜು ಹಾಕಿಸಿದರು. ಪಕ್ಕದಲ್ಲಿ ಕೂತಿದ್ದವರು ಕೇಟ್ ಟೀಚರ್. ಕೊಟೂಲಾದಲ್ಲಿ ಪಾಠ ಕೇಳಿದ ಕೆಲವರೂ ಬಂದಿದ್ದರು, ಅಷ್ಟು ಹೊತ್ತಿಗೆ ಅವರೂ ನಡುವಯಸ್ಸಿನವರು.

ಇನ್ನು ವಿಯೆಟ್ನಾಂ. ಇದೇ ಮಾರ್ಚ್ 8ರಂದು, ಅಂದರೆ ಸಂಸತ್ತಿನ ಆ ಭಾಷಣಕ್ಕೆ ಒಂದು ವಾರ ಮೊದಲು, ಅಮೆರಿಕದ ಹೋರಾಟದ ಪಡೆ ಮೊದಲ ಸಲ ದನಾಂಗ್ ತೀರದಲ್ಲಿ ಇಳಿಯಿತು. ಕಳಿಸಿದವರು ಇದೇ ಜಾನ್ಸನ್. 1968ರ ಹೊತ್ತಿಗೆ ಅಲ್ಲಿ 5 ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರಿದ್ದರು. ಯುದ್ಧ ಮುಗಿಯುವಾಗ 58,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು. ವಿಯೆಟ್ನಾಮಿನ ಜನ ಲಕ್ಷಗಟ್ಟಲೆ ಸತ್ತರು, ಅವರಲ್ಲಿ ಎಷ್ಟೋ ಮಕ್ಕಳು. ಅಮೆರಿಕದಲ್ಲಿ ಕಾಲೇಜಿಗೆ ಹೋಗುವ ಹುಡುಗರಿಗೆ ಸೈನ್ಯದ ಕರೆಯನ್ನು ಮುಂದೂಡಿಕೊಳ್ಳುವ ಅವಕಾಶ ಇತ್ತು. ಕಾಲೇಜಿಗೆ ಹೋಗಲಾಗದ ಬಡವರ ಮಕ್ಕಳು ಬಂದೂಕು ಹಿಡಿದು ಹೋದರು. ಕೊಟೂಲಾದ ಮಕ್ಕಳಂಥವರೇ. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಬಡತನದ ವಿರುದ್ಧ ಹಮ್ಮಿಕೊಂಡ ಕೆಲಸಗಳಿಗೆ ಹೋಗಬೇಕಿದ್ದ ಹಣವನ್ನೂ ಯುದ್ಧ ತಿಂದುಹಾಕಿತು.

ಮಾರ್ಚ್ 8, ಮಾರ್ಚ್ 15, ಏಪ್ರಿಲ್ 11. ಈ ಮೂರು ತಾರೀಖುಗಳನ್ನು ಮಕ್ಕಳು ಒಂದರ ಕೆಳಗೊಂದು ದೊಡ್ಡದಾಗಿ ಬರೆದಿದ್ದಾರೆ. "ಇವರು ಒಳ್ಳೆಯವರಾ, ಕೆಟ್ಟವರಾ?" ಎಂದು ನಿಮ್ಮ ಮಗು ಮನೆಯಲ್ಲಿ ಕೇಳಬಹುದು. ದಯವಿಟ್ಟು ಒಂದೇ ಮಾತಲ್ಲಿ ಉತ್ತರ ಕೊಟ್ಟು ಮುಗಿಸಬೇಡಿ. ಮಹಾತ್ಮರ ಪಟ್ಟಿ, ದುಷ್ಟರ ಪಟ್ಟಿ ಅಂತ ಎರಡು ಮಾಡಿ ಬಾಯಿಪಾಠ ಮಾಡಿಸುವುದು ನಮಗೂ ಸುಲಭ. ಹಾಗೆ ಕಲಿತ ಮಕ್ಕಳು ನಾಳೆ ಯಾವ ನಾಯಕರನ್ನೂ ಸರಿಯಾಗಿ ಪ್ರಶ್ನೆ ಕೇಳುವುದಿಲ್ಲ. ಜಾನ್ಸನ್ ಅವರನ್ನು ಆರಿಸಿದ್ದೇ ಅದಕ್ಕೆ.

1968ರ ಮಾರ್ಚ್ 31ರಂದು ಟಿವಿಯಲ್ಲಿ ಮಾತಾಡಿ, ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದರು. ಮುಂದಿನ ವರ್ಷ ಊರಿನ ತೋಟಕ್ಕೆ ವಾಪಸಾದರು. 1973ರ ಜನವರಿ 22ರಂದು ಅಲ್ಲೇ ತೀರಿಕೊಂಡರು. ಯುದ್ಧ ನಿಲ್ಲಿಸುವ ಪ್ಯಾರಿಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಅದಾಗಿ ಐದು ದಿನಕ್ಕೆ.

ನಮ್ಮ ಕಡೆಗೂ ಇವರ ಕಾಲದ ನಂಟಿದೆ. 1965 ಮತ್ತು 1966ರಲ್ಲಿ ನಮ್ಮ ದೇಶಕ್ಕೆ ಮಳೆ ಕೈಕೊಟ್ಟಿತು. ಅಮೆರಿಕದ ಗೋಧಿ ಹಡಗಿನಲ್ಲಿ ಬರಬೇಕಿತ್ತು. ಜಾನ್ಸನ್ ಕೊಟ್ಟರು, ಆದರೆ ಒಮ್ಮೆಗೇ ಕೊಡಲಿಲ್ಲ. ಸ್ವಲ್ಪ ಸ್ವಲ್ಪವಾಗಿ, ಕಾಯಿಸಿ ಕಾಯಿಸಿ ಕೊಟ್ಟರು. ಕೃಷಿ ನೀತಿ ಬದಲಿಸಿ ಎನ್ನುವ ಒತ್ತಡವೂ ಇತ್ತು, ವಿಯೆಟ್ನಾಂ ಬಗ್ಗೆ ಭಾರತ ಟೀಕೆ ಮಾಡಿದ್ದರ ಸಿಟ್ಟೂ ಇತ್ತು. ಆ ಕಾಲದ ಶಾಲೆಗಳಲ್ಲಿ ಕೊಡುತ್ತಿದ್ದ ಅಮೆರಿಕದ ಗೋಧಿ ನುಚ್ಚಿನ ಉಪ್ಪಿಟ್ಟು, ಪುಡಿ ಹಾಲು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. 1965ರ ಅಕ್ಟೋಬರ್ 3ರಂದು ಜಾನ್ಸನ್ ಸಹಿ ಹಾಕಿದ ವಲಸೆ ಕಾನೂನಿನ ಮೊದಲು, ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ ಇತ್ತು. ಇವತ್ತು ಅಮೆರಿಕದಲ್ಲಿರುವ ನಮ್ಮ ಕನ್ನಡಿಗರು ಬಹುತೇಕ ಆ ಬಾಗಿಲು ತೆರೆದ ಮೇಲೆ ಹೋದವರು, ಇಲ್ಲವೇ ಅವರ ಮಕ್ಕಳು.

ಈಗ ನಿಮ್ಮಿಂದ ಆಗಬೇಕಾದ್ದು. ಕಾರ್ಯಕ್ರಮ ಬೆಳಗ್ಗೆ ಪ್ರಾರ್ಥನೆ ಮುಗಿದ ತಕ್ಷಣ ಶುರು. ಅಜ್ಜ, ಅಜ್ಜಿ ಇದ್ದರೆ ಕರೆದುಕೊಂಡು ಬನ್ನಿ. ಆ ಉಪ್ಪಿಟ್ಟು ತಿಂದವರು ಇದ್ದರೆ ಐದು ನಿಮಿಷ ಮಕ್ಕಳ ಮುಂದೆ ಮಾತಾಡಲಿ. ಮೈಕ್ ಬೇಡ, ಸುಮ್ನೆ ಮಕ್ಕಳ ಮಧ್ಯೆ ಕೂತು ಹೇಳಿದರೆ ಸಾಕು. ಚಾರ್ಟುಗಳನ್ನು ಸೈಬರ್ ಸೆಂಟರಿನಲ್ಲಿ ಪ್ರಿಂಟ್ ಹಾಕಿಸಿ ಕಳಿಸಬೇಡಿ. ಅಕ್ಷರ ಸೊಟ್ಟಗಿದ್ದರೂ ಪರವಾಗಿಲ್ಲ, ಮಕ್ಕಳೇ ಬರೆಯಲಿ. ಬೇಕಾದ ಹಾಳೆ, ಬಣ್ಣ ಶಾಲೆಯಿಂದಲೇ ಕೊಡುತ್ತೇವೆ. ಕೂಲಿಗೆ ಹೋಗುವವರಿಗೆ ಬೆಳಗ್ಗೆ ಬರಲು ಆಗದಿದ್ದರೆ ಸಂಜೆ ಐದರವರೆಗೂ ಪ್ರದರ್ಶನ ತೆರೆದಿರುತ್ತದೆ, ಇಬ್ಬರು ಮಕ್ಕಳು ವಿವರಿಸಲು ಅಲ್ಲೇ ಇರುತ್ತಾರೆ. ಅವರನ್ನು ಪ್ರಶ್ನೆ ಕೇಳಿ, ಕಷ್ಟದ್ದೇ ಕೇಳಿ.

ಇನ್ನೊಂದು ಮಾತು. ಕೆಲವು ಮಕ್ಕಳು ಈಗಲೂ ಬೆಳಗ್ಗೆ ತಿಂಡಿ ತಿನ್ನದೆ ಬರುತ್ತಿದ್ದಾರೆ. ಬಿಸಿಯೂಟದ ಹೊತ್ತಿಗೆ ತಲೆ ಬೆಂಚಿಗೆ ಬಿದ್ದಿರುತ್ತದೆ. ಮನೆಯಲ್ಲಿ ಏನೇ ತೊಂದರೆ ಇದ್ದರೂ ಸಂಕೋಚ ಬೇಡ, ನನಗಾಗಲಿ ತರಗತಿ ಶಿಕ್ಷಕರಿಗಾಗಲಿ ಹೇಳಿ. ಬೆಳಗ್ಗೆ ಹೊಟ್ಟೆಗೆ ಏನಾದರೂ ಕೊಡುವ ವ್ಯವಸ್ಥೆ ಮಾಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ