ವೈವಾ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್, ಪಾಲ್ಡುಸ್ ಅವರಿಗೂ

ಅಂತೂ ಪಿಎಚ್‌ಡಿ ಆಯಿತು! ಮೆಸೇಜ್ ಮಾಡಿದವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಬರೆಯಲು ಆಗುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಗೈಡ್ ಮೇಡಂಗೆ, ರಾತ್ರಿ ಹೊತ್ತು ಫೋನ್ ಮಾಡಿದರೂ ಗೊಣಗದೆ ಸರ್ವರ್ ಸರಿಮಾಡಿಕೊಟ್ಟ ಅಣ್ಣಂದಿರಿಗೆ, ‘ಯಾವಾಗ ಮುಗಿಯುತ್ತೆ’ ಅಂತ ಕೇಳುವುದನ್ನೇ ಬಿಟ್ಟುಬಿಟ್ಟ ಅಪ್ಪ ಅಮ್ಮನಿಗೆ ತುಂಬಾ ಥ್ಯಾಂಕ್ಸ್.

ಇನ್ನೊಬ್ಬರಿದ್ದಾರೆ, ಕ್ವಾಂಟಮ್ ಕೆಮಿಸ್ಟ್ರಿಯ ವಿಜ್ಞಾನಿ ಯೋಸೆಫ್ ಪಾಲ್ಡುಸ್. ನಾನು ಅವರನ್ನು ನೋಡಿದವಳಲ್ಲ, 2023ರ ಜನವರಿಯಲ್ಲಿ ತೀರಿಕೊಂಡರು. ಹುಟ್ಟಿದ್ದು 1935ರಲ್ಲಿ, ಆಗಿನ ಚೆಕೊಸ್ಲೊವಾಕಿಯಾದಲ್ಲಿ. ನನ್ನ ಥೀಸಿಸ್‌ನಲ್ಲಿರುವ ಲೆಕ್ಕವೆಲ್ಲ ಕಪಲ್ಡ್ ಕ್ಲಸ್ಟರ್ ವಿಧಾನದ್ದು, ಅಂದರೆ ಅಣುವಿನೊಳಗಿನ ಎಲೆಕ್ಟ್ರಾನ್‌ಗಳು ಒಂದರ ಮೇಲೊಂದು ಬೀರುವ ಪ್ರಭಾವವನ್ನು ಲೆಕ್ಕಕ್ಕೆ ತರುವ ವಿಧಾನ. ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿದ್ದ ಈ ಯೋಚನೆಯನ್ನು ಅಣುಗಳಿಗೆ ಹೊಂದುವ ಹಾಗೆ 1966ರಲ್ಲಿ ಬರೆದವರು ಅವರ ಗೆಳೆಯ ಯಿರ್ಜಿ ಚೀಜೆಕ್. ಆಮೇಲೆ ಇಬ್ಬರೂ ಸೇರಿ ಅದನ್ನು ಬೆಳೆಸಿದರು.

ಪ್ರತಿ ಹಬ್ಬಕ್ಕೂ ‘ಅದೇನಮ್ಮ ನೀನು ಮಾಡೋದು’ ಅಂತ ಕೇಳುವ ಚಿಕ್ಕಪ್ಪನಿಗೆ ಒಂದು ಸಲ ಇಲ್ಲೇ ಹೇಳಿಬಿಡುತ್ತೇನೆ. ಸುಲಭದ ಲೆಕ್ಕದಲ್ಲಿ ಒಂದು ಎಲೆಕ್ಟ್ರಾನ್‌ಗೆ ಉಳಿದವೆಲ್ಲ ಬರೀ ಒಂದು ಸರಾಸರಿ. ನಿಜವಾಗಿ ಅವು ಒಂದಕ್ಕೊಂದು ತಪ್ಪಿಸಿಕೊಂಡು ಓಡಾಡುತ್ತವೆ, ರಶ್ ಇರುವ ಬಸ್ಸಿನಲ್ಲಿ ನಾವು ಸರಿದುಕೊಳ್ಳುವ ಹಾಗೆ. ಇದನ್ನು ಬಿಟ್ಟರೆ ಒಟ್ಟು ಶಕ್ತಿಯಲ್ಲಿ ಶೇ. 1ರ ಆಸುಪಾಸು ತಪ್ಪುತ್ತದೆ, ಅಷ್ಟೇ ತಾನೇ ಅನ್ನಬೇಡಿ, ಪರಮಾಣುಗಳ ನಡುವಿನ ಬಾಂಡ್ ಮುರಿಯಲು ಬೇಕಾದ ಶಕ್ತಿಯೂ ಸುಮಾರು ಅಷ್ಟೇ ಸಣ್ಣದು, ಹಾಗಾಗಿ ಅದು ತಪ್ಪಿದರೆ ಕೆಮಿಸ್ಟ್ರಿಯೇ ತಪ್ಪಿದ ಹಾಗೆ. ಇದನ್ನು ಲೆಕ್ಕಕ್ಕೆ ತರುವ ಪಾಲ್ಡುಸ್, ಚೀಜೆಕ್ ದಾರಿಯಲ್ಲಿ ಇನ್ನೊಂದು ಸೊಗಸಿದೆ. ದೂರ ದೂರ ಇರುವ ಎರಡು ಅಣುಗಳಿಗೆ ಒಟ್ಟಿಗೆ ಲೆಕ್ಕ ಹಾಕಿದರೂ, ಬೇರೆ ಬೇರೆ ಹಾಕಿ ಕೂಡಿದರೂ ಉತ್ತರ ಒಂದೇ. ಇದೇನು ಮಹಾ ಅನ್ನಿಸುತ್ತೆ ಅಲ್ವಾ? ಹಳೆಯ ಕೆಲವು ವಿಧಾನಗಳು ಇಲ್ಲೇ ಎಡವುತ್ತವೆ. ಖರ್ಚು ಮಾತ್ರ ಜಾಸ್ತಿ. ಅಣು ಎರಡರಷ್ಟು ದೊಡ್ಡದಾದರೆ ಸಿಸಿಎಸ್‌ಡಿ (ಕಪಲ್ಡ್ ಕ್ಲಸ್ಟರ್‌ನ ಒಂದು ಬಗೆ) ಲೆಕ್ಕದ ಕೆಲಸ 64 ಪಟ್ಟು! ಸರ್ವರ್ ಅಣ್ಣಂದಿರೇ, ಈಗ ಗೊತ್ತಾಯಿತಾ?

1968ರ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. ಆ ವರ್ಷವೇ ಪಾಲ್ಡುಸ್, ಚೀಜೆಕ್ ಇಬ್ಬರೂ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ ಸೇರಿದರು. ದೇಶ ಬಿಟ್ಟರೂ ಲೆಕ್ಕ ಬಿಡಲಿಲ್ಲ. 1972ರಲ್ಲಿ ಶಾವಿಟ್ ಎಂಬ ಇನ್ನೊಬ್ಬ ವಿಜ್ಞಾನಿಯ ಜೊತೆ ಸೇರಿ ಬೋರೇನ್ (BH3) ಅಣುವಿನ ಮೇಲೆ ಅದನ್ನು ಓಡಿಸಿ ತೋರಿಸಿದರು. ಅದರಲ್ಲಿರುವುದು ನಾಲ್ಕೇ ಪರಮಾಣು. ಮಿಕ್ಕವರು ಇದನ್ನು ಜೋರಾಗಿ ಕೈಗೆತ್ತಿಕೊಂಡಿದ್ದು ಎಪ್ಪತ್ತರ ದಶಕದ ಕೊನೆಗೆ. ನನಗಾಗಿದ್ದರೆ ಅಷ್ಟು ತಾಳ್ಮೆ ಇರುತ್ತಿರಲಿಲ್ಲ.

ಥೀಸಿಸ್ ಬೇಕೆಂದವರಿಗೆ ಈ ವಾರ ಪಿಡಿಎಫ್ ಕಳಿಸುತ್ತೇನೆ. ಚಿಕ್ಕಪ್ಪಾ, ನೀವು ಮುನ್ನುಡಿ ಓದಿದರೆ ಸಾಕು.