ಆಕಾಶದಿಂದ ಕಂಡ ಗದ್ದೆ

ಮಾದಾಪುರ, ಕೊಡಗು
ಫೆಬ್ರವರಿ, ಭಾನುವಾರ

ಪ್ರೀತಿಯ ಚೇತು,

ಅತ್ತೆಯ ಆಶೀರ್ವಾದಗಳು. ಕಾಫಿ ಕೊಯ್ಲು ಮುಗಿಯಿತು. ಕೊನೆಯ ರೋಬಸ್ಟಾ ಕಣದಲ್ಲಿ ಒಣಗುತ್ತಿದೆ. ಬೆಳಿಗ್ಗೆ ಹರವಿ, ಸಂಜೆ ರಾಶಿ ಮಾಡಿ ಟಾರ್ಪಾಲ್ ಹೊದಿಸುವಷ್ಟರಲ್ಲಿ ದಿನ ಕಳೆದುಹೋಗುತ್ತದೆ. ಅದಕ್ಕೇ ಮೊನ್ನೆ ನೀನು ಫೋನ್ ಮಾಡಿದಾಗ ಸರಿಯಾಗಿ ಮಾತಾಡಲು ಆಗಲಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವೂ ಅಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನೀನು ಹೇಳಿದ್ದು ಎರಡು. ರಾತ್ರಿ ಕೂತು ಗೂಗಲ್ ಅರ್ತ್‌ನಲ್ಲಿ ಅರ್ಧ ಪ್ರಪಂಚ ನೋಡಿ ಮುಗಿಸಿದೆ ಅಂತ ಒಂದು. ಸ್ಯಾಟಲೈಟ್ ಚಿತ್ರದ ಮೇಲೆ ಸರ್ವೆ ನಂಬರಿನ ಗೆರೆ ನೋಡಿದರೆ ಕೆಳಗಿನ ಗದ್ದೆಯವರು ನಮ್ಮ ಕಡೆ ಹತ್ತಡಿ ಒಳಗೆ ಬಂದಿದ್ದಾರೆ, ಕೇಳಲೇಬೇಕು ಅಂತ ಇನ್ನೊಂದು. ಮೊದಲನೆಯದು ಕೇಳಿ ಖುಷಿಯಾಯಿತು. ಎರಡನೆಯದು ಕೇಳಿ ನಿದ್ದೆ ಬರಲಿಲ್ಲ.

ಗದ್ದೆಯ ವಿಷಯ ಮೊದಲು ಹೇಳುತ್ತೇನೆ. ನಾನೇ ಒಮ್ಮೆ ಹೀಗೊಂದು ತಪ್ಪು ಮಾಡಿದ್ದೇನೆ, ನಿನಗೆ ಹೇಳಿರಲಿಲ್ಲ. ಹೊಳೆ ಬದಿಯ ಒಬ್ಬರ ಗದ್ದೆಯಲ್ಲಿ ಕೆಂಪು ಮಣ್ಣಿನ ಪಟ್ಟಿಯೊಂದು ಚಿತ್ರದಲ್ಲಿ ಕಂಡಿತು. ಮಣ್ಣು ತುಂಬಿಸಿ ನೀರು ಹರಿಯುವ ತೋಡು ಮುಚ್ಚುತ್ತಿದ್ದಾರೆ ಅಂದುಕೊಂಡೆ. ತೋಡು ಮುಚ್ಚಿದರೆ ಮಳೆಗಾಲದಲ್ಲಿ ನೀರು ನಮ್ಮ ಕಡೆ ತಿರುಗುತ್ತದೆ, ಅಲ್ವಾ? ಸೀದಾ ಹೋಗಿ ಕೇಳಿದೆ. ಸ್ವಲ್ಪ ಜೋರಾಗಿಯೇ ಕೇಳಿದೆ. ಅವರು ಏನೂ ಹೇಳದೆ ನನ್ನನ್ನು ಗದ್ದೆಗೆ ಕರೆದುಕೊಂಡು ಹೋದರು. ತೋಡಿನಲ್ಲಿ ನೀರು ಹರಿಯುತ್ತಿತ್ತು, ಅಂಚಿನಲ್ಲಿ ಕೆಸು ಬೆಳೆದಿತ್ತು. ಆ ಕೆಂಪು ಮಣ್ಣು 2018 ರ ಮಳೆಗೆ ಬೆಟ್ಟದಿಂದ ಬಂದು ಕೂತದ್ದಂತೆ. ಎರಡು ಬೇಸಿಗೆ ಕೂಲಿ ಕೊಟ್ಟು ಅವರು ಅದನ್ನು ತೆಗೆಸಿದ್ದರು. ನಾನು ನೋಡಿದ್ದು ಅದಕ್ಕೂ ಮೊದಲಿನ ಚಿತ್ರ. ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ತಾರೀಕು ಇತ್ತು, ನಾನು ಓದಿರಲಿಲ್ಲ. ವಾಪಸ್ ಬರುವಾಗ ಅವರ ಹೆಂಡತಿ ಕೂರಿಸಿ ಕಾಫಿ ಕೊಟ್ಟರು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ ಮಗಾ.

ಆ ಚಿತ್ರ ಈ ಹೊತ್ತಿನದಲ್ಲ. ಕೆಲವು ತಿಂಗಳು, ಕೆಲವು ಕಡೆ ಕೆಲವು ವರ್ಷವೇ ಹಳೆಯದು. ಅಕ್ಕಪಕ್ಕದ ತುಂಡುಗಳೇ ಬೇರೆ ಬೇರೆ ದಿನದವು ಇರುತ್ತವೆ. ನಮ್ಮಂಥ ಗುಡ್ಡದ ಸೀಮೆಯಲ್ಲಿ ಇನ್ನೊಂದು ತೊಂದರೆ. ಉಪಗ್ರಹ ಎಷ್ಟೋ ಸಲ ಓರೆಯಾಗಿ ನೋಡುತ್ತದೆ. ಆ ಚಿತ್ರವನ್ನು ಗುಡ್ಡದ ಏರಿಳಿತಕ್ಕೆ ಹೊಂದಿಸಿ ಕೂರಿಸುವಾಗ ಕೆಲವು ಮೀಟರ್ ಆಚೀಚೆ ಆಗುತ್ತದೆ. ನೀನು ಹೇಳುವ ಹತ್ತಡಿ ಅಂದರೆ ಮೂರು ಮೀಟರ್. ಒಂದು ಕೆಲಸ ಮಾಡು. ಹಳೆಯ ಚಿತ್ರಗಳನ್ನು ತೋರಿಸುವ ಗಡಿಯಾರದ ಗುರುತು ಒತ್ತಿ, ನಮ್ಮ ಮನೆಯ ಮೂಲೆಗೆ ಒಂದು ಪಿನ್ ಹಾಕಿ, ವರ್ಷ ಬದಲಿಸುತ್ತಾ ಹೋಗು. ಮನೆಯೇ ಪಿನ್ ಬಿಟ್ಟು ಜರುಗುತ್ತದೆ. ಮನೆ ಜರುಗಿಲ್ಲ ಅಂತ ನಮಗೆ ಗೊತ್ತು. ಗದ್ದೆಯ ಬದುವೂ ಹಾಗೇ.

ಸರ್ವೆ ನಂಬರಿನ ಗೆರೆ ತೋರಿಸುವ ಸರ್ಕಾರದ ದಿಶಾಂಕ್ ಆಪ್ ನಾನೂ ಬಳಸುತ್ತೇನೆ. ಯಾವ ಜಾಗ ಯಾವ ಸರ್ವೆ ನಂಬರು ಅಂತ ತಿಳಿಯಲು ಒಳ್ಳೆಯದು. ಗಡಿ ತೀರ್ಮಾನ ಮಾಡಲು ಅಲ್ಲ. ಸಂಶಯ ಇದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕೋಣ. ಸರ್ವೆಯವರು ಬರಲಿ, ಎರಡೂ ಮನೆಯವರು ನಿಂತಿರಲಿ, ಅಳೆದು ಕಲ್ಲು ತೋರಿಸಲಿ. ಅಲ್ಲಿಯವರೆಗೆ ನೀನು ಆ ಮನೆಯ ಹುಡುಗನಿಗೆ ಸ್ಕ್ರೀನ್‌ಶಾಟ್ ಕಳಿಸಬೇಡ. ಕಳಿಸಿದ್ದರೆ ಇವತ್ತೇ ಫೋನ್ ಮಾಡಿ ಸರಿಮಾಡಿಕೋ. ನಾಟಿಗೆ ಆಳು ಸಿಗದಿದ್ದಾಗ ಅವರೇ ಬಂದು ನಿಂತವರು.

ಸರಿ, ಈಗ ಖುಷಿಯ ವಿಷಯ.

ನೀನು ಇದರಲ್ಲಿ ಮುಳುಗಿದ್ದೀಯಲ್ಲ, ಬೇಡ ಅಂತ ನಾನು ಹೇಳುವುದಿಲ್ಲ. ನಾನು ಭೂಗೋಳ ಕಲಿಸಲು ಶುರುಮಾಡಿದಾಗ ನಮ್ಮ ಹತ್ತಿರ ಇದ್ದದ್ದು ಒಂದು ಗೋಡೆ ನಕ್ಷೆ, ಒಂದು ಗ್ಲೋಬ್ ಮತ್ತು ಗುಡ್ಡ-ಹೊಳೆಗಳ ಏರಿಳಿತ ತೋರಿಸುವ, ಸರ್ವೆ ಆಫ್ ಇಂಡಿಯಾದ ಒಂದು ಟೋಪೋಶೀಟ್. 1988 ರ ಮಾರ್ಚ್‌ನಲ್ಲಿ ನಮ್ಮ ದೇಶದ ಭೂಮಿ ನೋಡುವ ಉಪಗ್ರಹ ಐಆರ್‌ಎಸ್-1ಎ ಹಾರಿತು, ರಷ್ಯಾದವರ ರಾಕೆಟ್ಟಿನಲ್ಲಿ, ಬೈಕನೂರಿನಿಂದ. ಅದರ ಒಂದು ಕ್ಯಾಮೆರಾದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 72 ಮೀಟರ್ ಉದ್ದ, 72 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದು ಚುಕ್ಕೆಗೆ ಒಂದೂಕಾಲು ಎಕರೆಗಿಂತ ಸ್ವಲ್ಪ ಜಾಸ್ತಿ. ನಮ್ಮ ಮನೆ, ಕಣ, ಕೊಟ್ಟಿಗೆ, ಬಾವಿ ಎಲ್ಲಾ ಸೇರಿ ಒಂದೇ ಚುಕ್ಕೆ. ಅಮೆರಿಕದ ಲ್ಯಾಂಡ್‌ಸ್ಯಾಟ್‌ನದು ಈಗಲೂ 30 ಮೀಟರ್, ಅಂದರೆ 22 ಸೆಂಟ್. ಯುರೋಪಿನ ಸೆಂಟಿನೆಲ್-2 ರದ್ದು 10 ಮೀಟರ್, ಎರಡೂವರೆ ಸೆಂಟ್. ಗೂಗಲ್‌ನಲ್ಲಿ ನೀನು ಕಾರು ಎಣಿಸುತ್ತೀಯಲ್ಲ, ಅಂಥ ಚಿತ್ರದಲ್ಲಿ ಚುಕ್ಕೆಗೆ ಒಂದು ಮೀಟರೂ ಇಲ್ಲ.

ಚುಕ್ಕೆ ಸಣ್ಣದಾದಷ್ಟೂ ಚೆನ್ನಾಗಿ ಕಾಣುತ್ತದೆ, ಆದರೆ ಅಂಥ ಚಿತ್ರ ಅಪರೂಪಕ್ಕೆ ಬರುತ್ತದೆ. ಸೆಂಟಿನೆಲ್‌ಗಳು ಎರಡು ಸೇರಿ ಐದು ದಿನಕ್ಕೊಮ್ಮೆ ನಮ್ಮ ಮೇಲೆ ಹಾದು ಹೋಗುತ್ತವೆ, ಬೆಳಿಗ್ಗೆ 11 ರ ಸುಮಾರಿಗೆ. ಕಣದಲ್ಲಿ ನಿಂತು ಒಮ್ಮೊಮ್ಮೆ ಆ ಹೊತ್ತಿಗೆ ತಲೆ ಎತ್ತಿ ನೋಡುತ್ತೇನೆ. ಏನೂ ಕಾಣುವುದಿಲ್ಲ, ಆದರೂ ನೋಡುತ್ತೇನೆ.

ಆ ಹೊತ್ತಿನ ಬಿಸಿಲಿನಿಂದಲೇ ನೀನು ಕೋಟೆಬೆಟ್ಟ ನೋಡಿ ಗಲಿಬಿಲಿಯಾದದ್ದು. ಬೆಟ್ಟ ಗುಂಡಿಯ ಹಾಗೆ, ಹೊಳೆ ಏಣಿನ ಮೇಲೆ ಹರಿದ ಹಾಗೆ ಕಾಣುತ್ತದೆ ಅಂದೆಯಲ್ಲ? ಜನವರಿಯ ಬೆಳಿಗ್ಗೆ ಸೂರ್ಯ ಆಗ್ನೇಯದಲ್ಲಿರುತ್ತಾನೆ, ನೆರಳು ವಾಯವ್ಯಕ್ಕೆ ಬೀಳುತ್ತದೆ. ನಕ್ಷೆಯಲ್ಲಿ ಉತ್ತರ ಮೇಲಿರುವುದರಿಂದ ಬೆಳಕು ಕೆಳಗಿನಿಂದ ಬಂದ ಹಾಗಾಗುತ್ತದೆ. ಬೆಳಕು ಮೇಲಿಂದ ಬಂದೇ ನಮ್ಮ ಕಣ್ಣಿಗೆ ರೂಢಿ, ಹಾಗಾಗಿ ಉಬ್ಬು ತಗ್ಗಾಗಿ ಕಾಣುತ್ತದೆ. ಚಿತ್ರವನ್ನು ತಲೆಕೆಳಗು ಮಾಡಿ ತಿರುಗಿಸು, ಬೆಟ್ಟ ತಟ್ಟನೆ ಎದ್ದು ನಿಲ್ಲುತ್ತದೆ.

ಆದರೆ ನೀನು ಪಿರಮಿಡ್ಡಿನಿಂದ ದುಬೈಗೆ, ದುಬೈನಿಂದ ಪ್ಯಾರಿಸ್ಸಿಗೆ ಹಾರುತ್ತೀಯ. ಹಾಗೆ ಹಾರಿದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ ಮಗಾ. ಒಂದು ನದಿ ಹಿಡಿ. ಕಳೆದ ಮಳೆಗಾಲದಲ್ಲಿ ನಾನು ಕಾವೇರಿ ಹಿಡಿದುಕೊಂಡು ಹೋದೆ, ದಿನಕ್ಕೆ ಅರ್ಧ ಗಂಟೆ, ಒಂದು ನೋಟ್‌ಬುಕ್ ಪಕ್ಕದಲ್ಲಿ. ತಲಕಾವೇರಿಯಿಂದ ಇಳಿಯುವಾಗ ಹೊಳೆ ಕಾಣುವುದೇ ಇಲ್ಲ, ಬರೀ ಮರ. ಭಾಗಮಂಡಲ ದಾಟಿದ ಮೇಲೆ ಅಲ್ಲಲ್ಲಿ ಒಂದು ಎಳೆ. ನಾಪೋಕ್ಲು ಕಡೆ ಗದ್ದೆ ಬಯಲಿನಲ್ಲಿ ಬಳುಕುತ್ತಾ ಹೋಗುತ್ತದೆ. ಸಿದ್ದಾಪುರ, ದುಬಾರೆ, ಕುಶಾಲನಗರ. ಕೂಡಿಗೆಯಲ್ಲಿ ಹಾರಂಗಿ ಬಂದು ಸೇರುತ್ತದೆ. ಕೆಆರ್‌ಎಸ್ ದಾಟಿ ಶ್ರೀರಂಗಪಟ್ಟಣದ ನಡುಗಡ್ಡೆ, ಶಿವನಸಮುದ್ರದಲ್ಲಿ ಕವಲು, ಮೇಕೆದಾಟಿನಲ್ಲಿ ಕಲ್ಲಿನ ನಡುವೆ ಒಂದು ಗೆರೆ. ಮೆಟ್ಟೂರು, ಶ್ರೀರಂಗಂ, ಕಲ್ಲಣೈ. ಅಲ್ಲಿಂದ ಮುಂದೆ ಆದದ್ದು ನಾನು ಯಾವ ತರಗತಿಯಲ್ಲೂ ಕಲಿಸದ್ದು. ನದಿ ದೊಡ್ಡದಾಗುತ್ತಾ ಹೋಗಿ ಸಮುದ್ರ ಸೇರುತ್ತದೆ ಅಂತ ಬೋರ್ಡ್ ಮೇಲೆ ಎಷ್ಟು ಸಲ ಬರೆದಿದ್ದೇನೋ! ಕಾವೇರಿ ಹಾಗಲ್ಲ. ನೆರೆ ನೀರು ಕೊಳ್ಳಿಡಂ ಕವಲಿಗೆ ಹೋಗುತ್ತದೆ. ಉಳಿದದ್ದು ಕಾಲುವೆ ಕಾಲುವೆಯಾಗಿ ಗದ್ದೆಗಳಿಗೆ ಹಂಚಿಹೋಗುತ್ತದೆ. ಪೂಂಪುಹಾರ್ ಹತ್ತಿರ ಸಮುದ್ರ ಮುಟ್ಟುವ ಕಾವೇರಿ ಒಂದು ದೊಡ್ಡ ಕಾಲುವೆಯಷ್ಟೇ. ಅದನ್ನು ನೋಡಿ ತುಂಬಾ ಹೊತ್ತು ಸುಮ್ನೆ ಕೂತೆ. ದುಃಖ ಅಂತಲ್ಲ. ನಮ್ಮಲ್ಲಿ ಹುಟ್ಟಿದ ನೀರು ಕೊನೆಯ ಹನಿಯವರೆಗೂ ಯಾರದೋ ಭತ್ತಕ್ಕೆ ಆಗಿದೆಯಲ್ಲ ಅನ್ನಿಸಿತು.

ನದಿ ಹಂಚಿದ್ದು ಅತಿಯಾದರೆ ಏನಾಗುತ್ತದೆ ಅಂತ ನೋಡಬೇಕಾದರೆ ಅರಲ್ ಸಮುದ್ರಕ್ಕೆ ಹೋಗು, ಕಜಕಸ್ತಾನ ಮತ್ತು ಉಜ್ಬೇಕಿಸ್ತಾನದ ನಡುವೆ. ಪ್ರಪಂಚದ ನಾಲ್ಕನೇ ದೊಡ್ಡ ಸರೋವರ ಅಂತ ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಅದಕ್ಕೆ ಬರುವ ಎರಡು ನದಿಗಳ ನೀರನ್ನು 1960 ರಿಂದ ಹತ್ತಿ ಬೆಳೆಗೆ ತಿರುಗಿಸಿದರು. ಗೂಗಲ್ ಟೈಮ್‌ಲ್ಯಾಪ್ಸ್ 1984 ರಿಂದ ತೋರಿಸುತ್ತದೆ. ನಾನು ಪಾಠ ಮಾಡುತ್ತಿದ್ದ ವರ್ಷಗಳಲ್ಲೇ ನೀಲಿ ಹೋಗಿ ಬಿಳಿ ಉಪ್ಪು ಉಳಿದಿದೆ. ಉತ್ತರದ ತುಂಡಿಗೆ ಮಾತ್ರ 2005 ರಲ್ಲಿ ಒಂದು ಒಡ್ಡು ಕಟ್ಟಿದ ಮೇಲೆ ನೀರು ಸ್ವಲ್ಪ ಮರಳಿ ಬಂದಿದೆ.

ಈಗ ನಮ್ಮೂರಿಗೆ ಬಾ. ನಾನು ಮುಖ್ಯವಾಗಿ ಹೇಳಬೇಕೆಂದದ್ದು ಇದನ್ನೇ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಟೀಚರ್ ಒಬ್ಬರ ತೋಟ ಹಟ್ಟಿಹೊಳೆ ಮೇಲ್ಗಡೆ ಇತ್ತು. 2018 ರ ಆಗಸ್ಟ್‌ನಲ್ಲಿ ಬೆಟ್ಟ ಕುಸಿದು ಹೋಯಿತು. ಜೀವ ಉಳಿಯಿತು, ಮನೆ ಮತ್ತು ತೋಟ ಉಳಿಯಲಿಲ್ಲ. ಮಳೆ ಬಿಟ್ಟ ಮೇಲಿನ ಚಿತ್ರ ನೋಡು: ಮುಕ್ಕೋಡ್ಲು, ಹಟ್ಟಿಹೊಳೆ, ಮಕ್ಕಂದೂರು ಕಡೆ ಬೆಟ್ಟದ ನೆತ್ತಿಯಿಂದ ಹೊಳೆವರೆಗೆ ಉಗುರಿನಲ್ಲಿ ಗೀರಿದ ಹಾಗೆ ಕೆಂಪು ಗೆರೆಗಳು. ಈಗ ವರ್ಷ ಮುಂದೆ ತಳ್ಳು. ಕೆಂಪು ಮಾಸುತ್ತದೆ. ಆಮೇಲಿನ ಚಿತ್ರದಲ್ಲಿ ಎಲ್ಲಾ ಹಸಿರು. ಏನೂ ಆಗಿಲ್ಲವೇನೋ ಅನ್ನಿಸುತ್ತದೆ.

ನಾನು ಅವರ ಜೊತೆ ಅಲ್ಲಿಗೆ ಹೋಗಿದ್ದೆ. ಹಸಿರು ಇತ್ತು, ನಿಜ. ಲಂಟಾನ, ಎದೆಯೆತ್ತರದ ಹುಲ್ಲು, ಮುಳ್ಳು. ಕಾಫಿಯ ಒಂದು ಬುಡವೂ ಇರಲಿಲ್ಲ. ಹುಲ್ಲು ಸರಿಸಿದರೆ ಮೂರು ಮೆಟ್ಟಿಲು ಸಿಕ್ಕವು. ರೆಡ್ ಆಕ್ಸೈಡ್ ಬಣ್ಣ ಇನ್ನೂ ಇತ್ತು, ಅಂಚಿನಲ್ಲಿ ಕಪ್ಪು ಪಟ್ಟಿ. ಅವರು ಮೇಲಿನ ಮೆಟ್ಟಿಲ ಮೇಲೆ ಕೂತರು. ಇಲ್ಲೇ ಕೂತು ಮೆಣಸು ಬಿಡಿಸುತ್ತಿದ್ದೆವು ಅಂದರು. ಮೇಲಿಂದ ನೋಡುವ ಯಂತ್ರಕ್ಕೆ ಎಲೆ ಎಲ್ಲಿದ್ದರೂ ಎಲೆಯೇ. ಎಲೆಗಳು ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕನ್ನು ಜಾಸ್ತಿ ಹಿಂದಕ್ಕೆ ಹೊಡೆಯುತ್ತವೆ, ಅದನ್ನು ಅಳೆದು ಇಲ್ಲಿ ಇಷ್ಟು ಹಸಿರು ಅಂತ ಲೆಕ್ಕ ಹಾಕುತ್ತಾರೆ. ಅದು ಬಹಳ ಉಪಯೋಗದ ಲೆಕ್ಕ. ಆದರೆ ಹುಲ್ಲಿನ ಕೆಳಗಿನ ಮೆಟ್ಟಿಲು ಅದರಲ್ಲಿ ಬರುವುದಿಲ್ಲ.

ನಮ್ಮ ತೋಟವೂ ಅದಕ್ಕೆ ಕಾಡಿನ ಹಾಗೇ ಕಾಣುತ್ತದೆ. ನೆರಳಿನ ಮರದ ತಲೆ ಮಾತ್ರ ಕಾಣುತ್ತದೆ, ಕೆಳಗಿನ ಕಾಫಿ ಕಾಣುವುದಿಲ್ಲ. ದೇವರಕಾಡು ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ಅಂತ ದೂರದಲ್ಲಿ ಕೂತವರಿಗೆ ಹೇಳುವುದು ಕಷ್ಟ. ಮರಗಸಿ ಮಾಡಿದ, ಅಂದರೆ ನೆರಳಿನ ಮರದ ಕೊಂಬೆ ಸವರಿದ ವರ್ಷ ನಮ್ಮ ತೋಟ ತೆಳ್ಳಗಾಗಿ ಕಾಣುತ್ತದೆ. ಗೊತ್ತಿಲ್ಲದವರು ಮರ ಕಡಿದರು ಅಂದುಕೊಳ್ಳುತ್ತಾರೆ. ಹಾಗಾಗಿ ಬೇರೆ ದೇಶದ ಕಾಡು ನೋಡಿ ನೀನು ಏನಾದರೂ ಅನ್ನುವ ಮೊದಲು, ಅಲ್ಲಿಯವರು ನಮ್ಮ ತೋಟ ನೋಡಿ ಏನು ಅಂದುಕೊಳ್ಳಬಹುದು ಅಂತ ಒಂದು ಕ್ಷಣ ಯೋಚಿಸು.

ಮೊಜಾಂಬಿಕ್‌ನಲ್ಲಿ ಮಾಬು ಅಂತ ಒಂದು ಬೆಟ್ಟ ಇದೆ, ನಮ್ಮ ತಡಿಯಂಡಮೋಳಿನಷ್ಟೇ ಎತ್ತರ ಅನ್ನಬಹುದು. ಜೂಲಿಯನ್ ಬೇಲಿಸ್ ಅನ್ನುವ ವಿಜ್ಞಾನಿ 2005 ರಲ್ಲಿ ಗೂಗಲ್ ಅರ್ತ್‌ನಲ್ಲಿ ಎತ್ತರದ ಬೆಟ್ಟಗಳನ್ನು ಹುಡುಕುವಾಗ ಅಲ್ಲಿ ದಟ್ಟ ಮಳೆಕಾಡು ಕಂಡರು. ವಿಜ್ಞಾನಿಗಳ ಯಾವ ಪಟ್ಟಿಯಲ್ಲೂ ಅದು ಇರಲಿಲ್ಲ. ಅವರು ಚಿತ್ರ ನೋಡಿ ಸುಮ್ಮನಾಗಲಿಲ್ಲ, ಅಲ್ಲಿಗೇ ಹೋದರು. 2008 ರಲ್ಲಿ ದೊಡ್ಡ ತಂಡವೇ ಹೋಯಿತು. ಹೊಸ ಚಿಟ್ಟೆ, ಹೊಸ ಗೋಸುಂಬೆ, ಹೊಸ ಹಾವು ಸಿಕ್ಕವು. ಆದರೆ ಸುತ್ತಲ ಹಳ್ಳಿಯವರಿಗೆ ಆ ಕಾಡು ಹೊಸದೇನಲ್ಲ. ಅಂತರ್ಯುದ್ಧದ ಕಾಲದಲ್ಲಿ ಅವರು ಅಲ್ಲೇ ಅಡಗಿ ಜೀವ ಉಳಿಸಿಕೊಂಡಿದ್ದರು. ಬೇಲಿಸ್ ಮಾಡಿದ ಎರಡೂ ಕೆಲಸ ನೀನು ಮಾಡಬೇಕು ಅಂತ ನನ್ನ ಆಸೆ. ಮೊದಲು ಕಣ್ಣಿಟ್ಟು ನೋಡು, ಆಮೇಲೆ ಹೋಗಿ ಅಲ್ಲಿಯವರನ್ನು ಕೇಳು.

ಓದಿನಲ್ಲೂ ಈ ದಾರಿ ಹಿಡಿಯುವ ಮನಸ್ಸಿದ್ದರೆ ರಡಾರ್ ಕಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮಾಮೂಲಿ ಚಿತ್ರ ಅಂದರೆ ಹೆಚ್ಚಿನ ದಿನ ಬರೀ ಬಿಳಿ ಮೋಡ. ಬೆಟ್ಟ ಕುಸಿಯುವುದೂ ಅದೇ ತಿಂಗಳುಗಳಲ್ಲಿ. ರಡಾರ್ ಉಪಗ್ರಹಕ್ಕೆ ಮೋಡವೂ ಅಡ್ಡಿಯಿಲ್ಲ, ರಾತ್ರಿಯೂ ಅಡ್ಡಿಯಿಲ್ಲ. ಇಸ್ರೋ ಮತ್ತು ನಾಸಾ ಸೇರಿ ಮಾಡಿದ ನಿಸಾರ್ 2025 ರ ಜುಲೈ 30 ರಂದು ಶ್ರೀಹರಿಕೋಟಾದಿಂದ ಹಾರಿದ್ದು ಇಂಥ ಕೆಲಸಕ್ಕೇ. ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಜರುಗಿದರೂ ಅದರಿಂದ ತಿಳಿಯಬಹುದು. ಅದರ ಚಿತ್ರ ಓದಬಲ್ಲವರು ನಮ್ಮೂರಿನವರೇ ಒಬ್ಬರು ಇದ್ದರೆ ನನಗೆ ಎಷ್ಟು ಧೈರ್ಯ ಗೊತ್ತಾ?

ರಾತ್ರಿ ಎರಡರವರೆಗೆ ಕೂರಬೇಡ. ಹೊಸ ಕನ್ನಡಕ ಮಾಡಿಸಿಕೊಂಡು ಇನ್ನೂ ಆರು ತಿಂಗಳಾಗಿಲ್ಲ.

ಮುಂದಿನ ತಿಂಗಳು ಕಾಫಿ ಹೂವು ಅರಳಿಸುವ ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಮಳೆ ಬಿದ್ದ ದಿನವೇ ಫೋನ್ ಮಾಡುತ್ತೇನೆ, ಲೆಕ್ಕ ಹಾಕಿ ರಜೆ ಕೇಳಿ ಬಾ. ಆ ಬಿಳುಪು ನಿನ್ನ ಯಾವ ಉಪಗ್ರಹಕ್ಕೂ ಕಾಣುವುದಿಲ್ಲ, ಎಲ್ಲಾ ಮರದ ಕೆಳಗೆ.

ಇನ್ನೊಂದು ಕೆಲಸವೂ ಇದೆ. ಹೊಳೆಯ ಆಚೆ ಗುಡ್ಡದಲ್ಲಿ, ಹಳೆ ಏಲಕ್ಕಿ ಮಲೆಯ ಮೇಲ್ಗಡೆ, ಮರಗಳ ನಡುವೆ ಒಂದು ಚೌಕಾಕಾರದ ಗುರುತು ಕಾಣುತ್ತದೆ. ಅಳೆದು ನೋಡಿದೆ, ಹನ್ನೆರಡು ಮೀಟರ್ ಆಸುಪಾಸು. ಮೂರು ಬೇರೆ ಬೇರೆ ವರ್ಷದ ಚಿತ್ರದಲ್ಲೂ ಇದೆ, ಹಾಗಾಗಿ ನೆರಳಲ್ಲ. ಏಲಕ್ಕಿ ಒಣಗಿಸುವ ಮನೆಯ ಪಾಯ ಇರಬಹುದು ಅಂತ ನಿನ್ನ ಅಜ್ಜಿ ಹೇಳುತ್ತಾರೆ. ಆದರೆ ಆ ಮನೆ ಹೊಳೆಯ ಈಚೆ ಇದ್ದ ನೆನಪು ಅಂತಲೂ ಹೇಳುತ್ತಾರೆ. ಕೆಳಗಿನ ಗದ್ದೆಯ ಯಜಮಾನರಿಗೆ ಆ ಕಡೆಯ ದಾರಿ ಗೊತ್ತು. ನೀನೇ ಹೋಗಿ ಅವರನ್ನು ಕರೆ, ಬರುತ್ತಾರೆ. ಹಳೆ ಶೂ ಒಂದು ಜೊತೆ ತಾ, ಒಳ್ಳೆಯದು ತರಬೇಡ. ಕತ್ತಿ ನಮ್ಮಲ್ಲೇ ಇದೆ.

ನಿನ್ನ
ಅತ್ತೆ